ಎರಡೂಕಾಲು ಗಂಟೆ ಹಿಡಿಯುವ ಡಿಷ್‌ವಾಷರ್

ನ್ಯೂಜೆರ್ಸಿಯ ನಮ್ಮ ಮನೆಗೆ ತಂದ ಇಪ್ಪತ್ತನಾಲ್ಕು ಅಂಗುಲದ ಡಿಷ್‌ವಾಷರನ್ನು ಹನ್ನೊಂದು ತಿಂಗಳು ಪ್ರತಿದಿನ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಡ್ಲಿ ತಟ್ಟೆಯ ಕುಳಿಗಳಲ್ಲಿ ಒಣಗಿದ ಹಿಟ್ಟು, ಸಾರಿನ ಪಾತ್ರೆಯ ಅಂಚಿಗೆ ಹತ್ತಿದ ಬೇಳೆ, ಒಗ್ಗರಣೆ ಸೌಟಿನ ಜಿಡ್ಡು, ಇವೆಲ್ಲವನ್ನೂ ಮೊದಲೇ ನೀರಿನಲ್ಲಿ ಜಾಲಿಸದೆ ಇಟ್ಟರೂ ಯಂತ್ರ ಚೊಕ್ಕವಾಗಿ ತೊಳೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಅರಿಶಿನದ ಕಲೆ ಮಾತ್ರ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಅಲ್ಯೂಮಿನಿಯಂ ಕುಕ್ಕರನ್ನು ಒಳಗಿಟ್ಟರೆ ಕಪ್ಪಾಗುತ್ತದೆ. ಇದನ್ನು ಒಂದು ಕುಕ್ಕರ್ ಕೆಡಿಸಿಕೊಂಡು ಕಲಿತೆವು.

ನಮ್ಮ ಮನೆಯ ನಿತ್ಯದ ದೂರು ಸಮಯದ್ದು. ‘ನಾರ್ಮಲ್’ ಗುಂಡಿ ಒತ್ತಿದರೆ ಎರಡೂಕಾಲು ಗಂಟೆ ಬೇಕು. 2013ರ ಮೇ ತಿಂಗಳಿನಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ ಮಾನದಂಡದ ಪ್ರಕಾರ ಈ ಗಾತ್ರದ ಯಂತ್ರವು ಒಂದು ಸಲದ ತೊಳೆತಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನೂ ವರ್ಷಕ್ಕೆ 307 ಯೂನಿಟ್ ವಿದ್ಯುತ್ತನ್ನೂ ಮೀರಬಾರದು. ಇಷ್ಟು ಕಡಿಮೆ ನೀರನ್ನೇ ಸೋಸಿ ಸೋಸಿ ಮತ್ತೆ ಮತ್ತೆ ಚಿಮ್ಮಿಸಬೇಕಾಗುವುದರಿಂದ ಹೊತ್ತು ಹಿಡಿಯುತ್ತದೆ. 2010ರಲ್ಲಿ ಹಲವು ರಾಜ್ಯಗಳು ಡಿಷ್‌ವಾಷರ್ ಪುಡಿಯಲ್ಲಿ ಫಾಸ್ಫೇಟನ್ನು ನಿರ್ಬಂಧಿಸಿದ ಮೇಲೆ ಅದರ ಕೆಲಸ ಕಿಣ್ವಗಳ ಪಾಲಿಗೆ ಬಂದಿದೆ, ಅವುಗಳಿಗೂ ಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ಬೇಳೆಯನ್ನು ಕರಗಿಸುವಷ್ಟು ಬಿಡುವು ಬೇಕು.

ಈ ದೂರು ಅಡುಗೆಮನೆ ದಾಟಿ ವಾಷಿಂಗ್ಟನ್ನಿಗೂ ಹೋಗಿದೆ. 2027ರಿಂದ ಮಿತಿಯನ್ನು 3.3 ಗ್ಯಾಲನ್ ಮತ್ತು 223 ಯೂನಿಟ್‌ಗೆ ಇಳಿಸುವ ನಿಯಮವನ್ನು ಇಂಧನ ಇಲಾಖೆ 2024ರಲ್ಲಿ ಪ್ರಕಟಿಸಿತು. ಗ್ರಾಹಕನಿಗೆ ಹೊರೆಯಾಗುವ ಇಂತಹ ಮಾನದಂಡಗಳನ್ನು ಇಲಾಖೆ ಹೇರದಂತೆ ತಡೆಯುವ ಮಸೂದೆಯೊಂದನ್ನು ಅದೇ ಜುಲೈನಲ್ಲಿ ಪ್ರತಿನಿಧಿ ಸಭೆ ಅಂಗೀಕರಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಸಡ್ಸ್’, ಅಂದರೆ ಸಾಬೂನಿನ ನೊರೆ, ಎಂದಾಗುತ್ತದೆ. ಸೆನೆಟ್‌ನಲ್ಲಿ ಅದು ಮುಂದೆ ಸಾಗಲಿಲ್ಲ. ಹೊಸ ಮಿತಿಯು ಯಂತ್ರ ತಯಾರಕರ ಸಂಘವೂ ಸೇರಿ ಮಾಡಿದ ಜಂಟಿ ಶಿಫಾರಸಿನಿಂದ ಬಂದದ್ದು ಎಂಬುದನ್ನು ನೋಡಿದರೆ, ಮಸೂದೆಯ ಸಿಟ್ಟು ನನಗೆ ಅರ್ಥವಾಗಲಿಲ್ಲ. ಮೇಲಾಗಿ, ಇಲಾಖೆಯ ಪರೀಕ್ಷೆ ನಡೆಯುವುದು ‘ನಾರ್ಮಲ್’ ತೊಳೆತದ ಮೇಲೆ. ಅವಸರವಿದ್ದವರಿಗೆ ನಮ್ಮ ಯಂತ್ರದಲ್ಲಿಯೇ ಒಂದು ಗಂಟೆಯ ಗುಂಡಿಯಿದೆ. ಅದು ತುಸು ಹೆಚ್ಚು ನೀರು ಕುಡಿಯುತ್ತದೆ, ಅಷ್ಟೆ. ನೆಂಟರು ಬಂದ ದಿನ ನಾವು ಒತ್ತುವುದು ಅದನ್ನೇ.

ನಿಯಮದ ವಿರೋಧಿಗಳ ಒಂದು ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ವಿದ್ಯುತ್ ಉಳಿಸಲು ಒಣಗಿಸುವ ಬಿಸಿಯನ್ನು ಕಡಿಮೆ ಮಾಡಿರುವುದರಿಂದ ಸ್ಟೀಲ್ ತಟ್ಟೆಗಳು ಒಣಗಿದರೂ ಡಬ್ಬಿಯ ಮುಚ್ಚಳಗಳು ತೊಟ್ಟಿಕ್ಕುತ್ತಲೇ ಹೊರಬರುತ್ತವೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಆ ಮುಚ್ಚಳಗಳದ್ದು. ರಾತ್ರಿ ಊಟವಾದ ಮೇಲೆ ಯಂತ್ರ ಹಾಕಿ ಮಲಗುವವರಿಗೆ ಎರಡೂಕಾಲು ಗಂಟೆ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಬೆಳಗ್ಗೆ ಮುಚ್ಚಳ ಒರೆಸಲು ಒಂದು ಬಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡಿರಬೇಕು.