ಹಳೆಯ ಟ್ವಿನ್ ಬೈಕಿಗೆ ಬಾರ್ ಎಂಡ್ ತೂಕ: ಅದುರು ಹೋಗದು, ಜಾಗ ಬದಲಿಸುತ್ತದೆ

ಹಳೆಯ 650 ಸಿಸಿ ಪ್ಯಾರಲಲ್ ಟ್ವಿನ್ (ಎರಡು ಸಿಲಿಂಡರುಗಳು ಪಕ್ಕಪಕ್ಕದಲ್ಲಿರುವ) ಬೈಕಿಗೆ ಅಳವಡಿಸಿ ನಾನು ಪರೀಕ್ಷಿಸಿದ ಬಾರ್ ಎಂಡ್ ತೂಕ ಎಂಬ ಈ ಸಾಧನದಲ್ಲಿ ಅರ್ಥವಾಗದಂಥದ್ದು ಏನೂ ಇಲ್ಲ. ಹ್ಯಾಂಡಲ್‌ಬಾರಿನ ಎರಡೂ ತುದಿಗಳೊಳಗೆ ತೂರಿಸುವ ಗಟ್ಟಿ ಸ್ಟೀಲ್ ತುಂಡುಗಳು, ಬೋಲ್ಟ್ ಬಿಗಿದಂತೆ ಉಬ್ಬಿ ಕೊಳವೆಯ ಒಳಗೋಡೆಯನ್ನು ಕಚ್ಚಿಹಿಡಿಯುವ ರಬ್ಬರ್ ಬುಷ್‌ಗಳು, ಇಷ್ಟೇ. ಇವು ಅದುರನ್ನು ಇಲ್ಲವಾಗಿಸುತ್ತವೆ ಎಂದು ನಂಬಿ ಕೊಳ್ಳುವವರಿಗೆ ನಿರಾಶೆ ಖಂಡಿತ. ಯಾವ ವೇಗದಲ್ಲಿ ಕೈ ಜೋಮು ಹಿಡಿಯುತ್ತದೆ ಎಂಬುದನ್ನು ಮೊದಲೇ ಗುರುತಿಸಿಕೊಂಡವರಿಗೆ ಮಾತ್ರ ಇವು ನಿಜವಾಗಿ ಉಪಯುಕ್ತ.

360 ಡಿಗ್ರಿ ಕ್ರ್ಯಾಂಕಿನ (ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡದ) ಟ್ವಿನ್‌ನಲ್ಲಿ ಎರಡು ಪಿಸ್ಟನ್‌ಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ, ಸಮತೋಲನದ ದೃಷ್ಟಿಯಿಂದ ಅದು ಸಿಂಗಲ್ ಸಿಲಿಂಡರ್ ಎಂಜಿನ್ನಿಗಿಂತ ಬೇರೆಯಲ್ಲ. ಪಿಸ್ಟನ್‌ಗಳ ಓಡಾಟವನ್ನು ಕ್ರ್ಯಾಂಕಿನ ಎದುರುತೂಕದಿಂದ ಪೂರ್ತಿಯಾಗಿ ಸರಿದೂಗಿಸಹೊರಟರೆ ಮೇಲೆ-ಕೆಳಗಿನ ಅದುರು ಹಿಂದೆ-ಮುಂದಿನ ಅದುರಾಗಿ ತಿರುಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಆದ್ದರಿಂದ ತಯಾರಕರು ಒಂದು ಪಾಲನ್ನಷ್ಟೇ ಸರಿದೂಗಿಸಿ ಉಳಿದುದನ್ನು ಫ್ರೇಮಿಗೆ ಬಿಡುತ್ತಿದ್ದರು. ನಾರ್ಟನ್ ಕಂಪನಿ 1967ರಲ್ಲಿ ಪರಿಚಯಿಸಿದ ಕಮಾಂಡೊದಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಸ್ವಿಂಗ್‌ಆರ್ಮನ್ನು (ಹಿಂಚಕ್ರವನ್ನು ಹಿಡಿದಿರುವ ತೋಳನ್ನು) ಒಂದೇ ಘಟಕವಾಗಿ ಮಾಡಿ, ಐಸೊಲಾಸ್ಟಿಕ್ ಎಂಬ ರಬ್ಬರ್ ಆಧಾರಗಳ ಮೂಲಕ ಫ್ರೇಮಿಗೆ ಸೇರಿಸಿದ್ದು ಈ ಉಳಿಕೆಯನ್ನು ಸವಾರನಿಂದ ದೂರವಿಡಲೆಂದೇ. ಎಂಜಿನ್ನನ್ನು ನೇರವಾಗಿ ಫ್ರೇಮಿಗೆ ಬಿಗಿದ ಬೈಕುಗಳಲ್ಲಿ ಅಂಥ ತಡೆ ಇರುವುದಿಲ್ಲ.

ತೂಕದ ಕೆಲಸ ಆರಂಭವಾಗುವುದು ಇಲ್ಲಿಂದ. ಪ್ರತಿ ಹ್ಯಾಂಡಲ್‌ಬಾರಿಗೂ ತನ್ನದೇ ಸಹಜ ಕಂಪನಾಂಕಗಳಿರುತ್ತವೆ, ಅಂದರೆ ತಟ್ಟಿದಾಗ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಅದುರುತ್ತದೆ ಎಂಬ ಎಣಿಕೆ. ಎಂಜಿನ್ 3,600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,600 ಸುತ್ತು) ತಿರುಗುವಾಗ ಸೆಕೆಂಡಿಗೆ 60 ಬಾರಿ ತಳ್ಳುತ್ತದೆ, ಇವೆರಡೂ ಹತ್ತಿರ ಬಂದಾಗ ಸಣ್ಣ ಅದುರೂ ಹಿಗ್ಗುತ್ತದೆ. ತುದಿಗೆ ತೂಕ ಸೇರಿಸಿದರೆ ಬಾರಿನ ಕಂಪನಾಂಕ ಕೆಳಗಿಳಿಯುತ್ತದೆ. ಮೊದಲು ಹೆದ್ದಾರಿಯ ವೇಗದಲ್ಲಿ ಬೆರಳುಗಳನ್ನು ಮರಗಟ್ಟಿಸುತ್ತಿದ್ದ ಅದುರು ಈಗ ಅದಕ್ಕಿಂತ ಕೆಳಗಿನ ಆರ್‌ಪಿಎಂನಲ್ಲಿ, ವೇಗ ಏರಿಸುವಾಗ ದಾಟಿಹೋಗುವ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ. ದೂರದ ಪ್ರಯಾಣ ಮಾಡುವ ನನಗೆ ಇದು ಲಾಭದ ವ್ಯವಹಾರ. ದಿನವೂ ನಿಧಾನವಾಗಿಯೇ ಓಡಿಸುವವರಿಗೆ ಇದೇ ತೂಕ ತೊಂದರೆಯನ್ನು ಮನೆಗೆ ಕರೆದಂತಾದೀತು. ಫುಟ್‌ರೆಸ್ಟ್, ಸೀಟು, ಟ್ಯಾಂಕುಗಳಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ, ಆಗಬೇಕಾದ ಕಾರಣವೂ ಇಲ್ಲ.

ಅಳವಡಿಕೆಯ ಬಗ್ಗೆ ತಯಾರಕರ ಸೂಚನೆ ತೀರಾ ಸಂಕ್ಷಿಪ್ತ. ಬಾರಿನ ಹೊರವ್ಯಾಸ 22 ಮಿಲಿಮೀಟರ್ ಎಂದ ಮಾತ್ರಕ್ಕೆ ಒಳವ್ಯಾಸವೂ ಹೊಂದುತ್ತದೆ ಎನ್ನಲಾಗದು. ಕೊಳವೆಯ ದಪ್ಪ ಒಂದೊಂದರಲ್ಲಿ ಒಂದೊಂದು ಬಗೆ, ಹಾಗಾಗಿ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೇ ಕೊಳ್ಳಬೇಕು. ಆಕ್ಸಿಲರೇಟರ್ ಬದಿಯಲ್ಲಿ ಗ್ರಿಪ್ ಮತ್ತು ತೂಕದ ನಡುವೆ ಒಂದೆರಡು ಮಿಲಿಮೀಟರ್ ಅಂತರವಿರಬೇಕು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಗ್ರಿಪ್ ತಾನಾಗಿ ಹಿಂದಿರುಗಬೇಕು. ಇದನ್ನು ಎದ್ದು ಕಾಣುವಂತೆ ಮುದ್ರಿಸದಿರುವುದು ಈ ಸಾಧನದ ನಿಜವಾದ ಲೋಪ. ಬಾರಿನ ತುದಿಯಿಂದಲೇ ಹೊರಡುವ ಹಳೆಯ ಕಾಲದ ತಿರುಗುಮುರುಗು ಲಿವರ್‌ಗಳಿರುವ ಬೈಕಿಗಂತೂ ಇದನ್ನು ಹಾಕಲು ಜಾಗವೇ ಇಲ್ಲ.

ಬಾರಿನೊಳಗೆ ಸೀಸದ ಗುಂಡು ತುಂಬಿ ಸಿಲಿಕೋನ್ ಹಾಕಿ ಮುಚ್ಚುವ ಹಳೆಯ ಉಪಾಯವೂ ಇದೆ. ಅದರಲ್ಲಿ ಖರ್ಚು ಕಡಿಮೆ. ಆದರೆ ತೂಕ ಹೆಚ್ಚಾಯಿತೆಂದರೆ ತೆಗೆಯುವುದು ಪ್ರಯಾಸದ ಕೆಲಸ, ಇಲ್ಲಿಯೋ ಒಂದು ಬೋಲ್ಟ್ ಸಡಿಲಿಸಿದರೆ ಸಾಕು.

ಇದನ್ನು ಕೊಳ್ಳುವ ಮೊದಲು ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳನ್ನೂ ಸಿಲಿಂಡರ್ ಹೆಡ್ಡನ್ನು ಫ್ರೇಮಿಗೆ ಸೇರಿಸುವ ಪಟ್ಟಿಯನ್ನೂ ಪರೀಕ್ಷಿಸಬೇಕು. ಎರಡು ಕಾರ್ಬ್ಯುರೇಟರ್ ಇದ್ದರೆ ಅವು ಒಟ್ಟಿಗೇ ತೆರೆಯುತ್ತಿವೆಯೇ, ಎರಡೂ ಸಿಲಿಂಡರುಗಳ ಇಗ್ನಿಷನ್ ಟೈಮಿಂಗ್ ಸರಿಯಿದೆಯೇ ಎಂದೂ ನೋಡಬೇಕು. ಸಡಿಲವಾದ ಬೋಲ್ಟಿನಿಂದ ಹುಟ್ಟಿದ ಅದುರನ್ನು ಈ ತೂಕ ಕೈಗೆ ತಿಳಿಯದಂತೆ ಮರೆಮಾಡಬಹುದು, ಅಷ್ಟರಲ್ಲಿ ಫ್ರೇಮಿನ ಲಗ್ಗುಗಳು (ಬೋಲ್ಟ್ ಬಿಗಿಯುವ ಚಾಚುಗಳು) ಬಿರುಕು ಬಿಡತೊಡಗಿರುತ್ತವೆ.