ಟ್ರಿಗರ್ ಹಗುರ ಮಾಡಲು ಹೋಗಿ ಏನಾಯಿತು: ಸೆಮಿ ಆಟೊಮ್ಯಾಟಿಕ್ ರೈಫಲ್ ಇಟ್ಟುಕೊಂಡವರು ಓದಿ

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಗುರಿ ಅಭ್ಯಾಸದ ರೇಂಜಿನಲ್ಲಿ, ಮೂರು ಗುಂಡು ಹೊಡೆದಾದ ಮೇಲೆ, ನಾನು ಒಂದೇ ಸಲ ಟ್ರಿಗರ್ ಒತ್ತಿದೆ. ಎರಡು ಗುಂಡು ಹಾರಿದವು. ಮೊದಲನೆಯದು ಗುರಿಯ ಕಾಗದಕ್ಕೆ ಹೋಯಿತು. ಎರಡನೆಯದು ಕಾಗದ ಸಿಕ್ಕಿಸಿದ್ದ ಮರದ ಚೌಕಟ್ಟಿನ ಮೇಲಂಚನ್ನು ಸೀಳಿಕೊಂಡು ಹಿಂದಿನ ಮಣ್ಣಿನ ದಿಬ್ಬ ಹೊಕ್ಕಿತು. ಪಕ್ಕದ ಬೆಂಚಿನಲ್ಲಿ ಒಬ್ಬ ತಂದೆ ತನ್ನ ಮಗಳಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದ. ಹನ್ನೆರಡು ವರ್ಷವಿರಬಹುದು. ಆ ಹುಡುಗಿ ಥಟ್ಟನೆ ತಿರುಗಿ ನನ್ನ ಮುಖ ನೋಡಿದಳು.

ಹಾಗೆ ಆಗಿದ್ದು ನಾನು ಮನೆಯಲ್ಲಿ ಕೂತು ಮಾಡಿದ ಕೆಲಸದಿಂದ. ಇಲ್ಲಿ ಟೆಕ್ಸಾಸಿನಲ್ಲಿ ನಮ್ಮವರು ಸಾಕಷ್ಟು ಜನ ಟಾರ್ಗೆಟ್ ಶೂಟಿಂಗ್ ಶುರು ಮಾಡಿದ್ದಾರೆ, ನನ್ನ ಹಾಗೆಯೇ ವಿಡಿಯೊ ನೋಡಿ ರೈಫಲ್ ಬಿಚ್ಚುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವುದು, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಇವನ್ನೆಲ್ಲ ನೋಡಿ ಬೆಳೆದವನು. ಆದ್ದರಿಂದ ಕೋವಿ ನನಗೆ ಗೊತ್ತು ಅಂದುಕೊಂಡಿದ್ದೆ. ಊರಿನ ಜೋಡುನಳಿಗೆ ಕೋವಿಯಲ್ಲಿ ಒಂದು ನಳಿಗೆಗೆ ಒಂದು ಗುಂಡು. ಹೊಡೆದ ಮೇಲೆ ಅದನ್ನು ಮಡಚಿ ತೆರೆದು ಕೈಯಾರೆ ತುಂಬಬೇಕು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಂದು ಸಲ ಒತ್ತಿದರೆ ಒಂದೇ ಗುಂಡು ಹಾರುತ್ತದೆ, ಮುಂದಿನದು ತಾನಾಗಿ ತುಂಬಿಕೊಳ್ಳುತ್ತದೆ; ಅದರ ಒಳಗೆ ನಡೆಯುವುದೇ ಬೇರೆ.

ನನ್ನದು ರೂಗರ್ 10/22. 1964ರಿಂದ ತಯಾರಾಗುತ್ತಿರುವ, ಅಮೆರಿಕದಲ್ಲಿ ತುಂಬ ಸಾಮಾನ್ಯವಾದ, .22 ಅಳತೆಯ ಸಣ್ಣ ಗುಂಡಿನ ರೈಫಲ್. ಹತ್ತು ಗುಂಡು ಹಿಡಿಯುವ, ಒಳಗೆ ತಿರುಗುವ (ರೋಟರಿ) ಮ್ಯಾಗಜಿನ್. ಮೊದಲ ವರ್ಷ 50 ಗಜದಲ್ಲಿ ಐದು ಗುಂಡು ಹೊಡೆದರೆ ಎಲ್ಲವೂ ಒಂದು ಇಂಚಿನ ಆಸುಪಾಸಿನಲ್ಲಿ ಬೀಳುತ್ತಿದ್ದವು. ಆಮೇಲೆ ಗ್ರೂಪ್, ಅಂದರೆ ಕಾಗದದ ಮೇಲೆ ಗುಂಡು ಬಿದ್ದ ಗುರುತುಗಳ ಗುಂಪು, ಹರಡತೊಡಗಿತು. ಎರಡು ಇಂಚು, ಮೂರು ಇಂಚು. ಅಂಗಡಿಯಲ್ಲಿ ಕೇಳಿದರೆ ದಪ್ಪ ಬ್ಯಾರೆಲ್ ಹಾಕಿಸಿ ಎಂದರು. ವಿಡಿಯೊದವರು ಟ್ರಿಗರ್ ಗಟ್ಟಿ ಇದ್ದರೆ ಕೈ ಅಲುಗುತ್ತದೆ, ಗುಂಡಿಗೆ ಬಡಿಯುವ ಸುತ್ತಿಗೆಯನ್ನು ತಡೆದು ಹಿಡಿಯುವ ಸಣ್ಣ ಭಾಗವಾದ ಸಿಯರ್ ಉಜ್ಜಿದರೆ ಸಾಕು ಎಂದರು. ಆರು ಪೌಂಡಿನಷ್ಟು ಎಳೆತವಿದ್ದ ಟ್ರಿಗರ್ ನನಗೂ ಗಟ್ಟಿ ಎನಿಸಿತ್ತು. ಉಜ್ಜಿದೆ. ಅಡುಗೆಮನೆ ಮೇಜಿನ ಮೇಲೆ, ಗುಂಡಿನ ಹಿಂಬದಿ ಮುಚ್ಚುವ ಬೋಲ್ಟನ್ನು ಎಳೆದು ಬಿಟ್ಟು ಖಾಲಿಯಾಗಿ ಹತ್ತಿಪ್ಪತ್ತು ಸಲ ಒತ್ತಿ ನೋಡಿದೆ. ಬೆಣ್ಣೆ ಕತ್ತರಿಸಿದಷ್ಟು ನಯವಾಗಿತ್ತು. ಖುಷಿಪಟ್ಟೆ.

ಮೇಜಿನ ಮೇಲೆ ಸರಿಯಿದ್ದದ್ದು ರೇಂಜಿನಲ್ಲಿ ಯಾಕೆ ಕೆಟ್ಟಿತು ಎಂಬುದನ್ನು ದಯವಿಟ್ಟು ತಿಳಿದುಕೊಳ್ಳಿ. ಗುಂಡು ಸಿಡಿದಾಗ ಬೋಲ್ಟ್ ರಭಸದಿಂದ ಹಿಂದಕ್ಕೆ ಬಂದು ಸುತ್ತಿಗೆಯನ್ನು, ಅಂದರೆ ಹ್ಯಾಮರನ್ನು, ಹಿಂದಕ್ಕೆ ಮಡಚುತ್ತದೆ. ನಿಮ್ಮ ಬೆರಳು ಇನ್ನೂ ಟ್ರಿಗರಿನ ಮೇಲೆಯೇ ಇರುತ್ತದೆ. ಅಷ್ಟರಲ್ಲಿ ಸಿಯರ್‌ನ ಸಣ್ಣ ಅಂಚು ಹ್ಯಾಮರನ್ನು ಹಿಡಿದು ನಿಲ್ಲಿಸಬೇಕು. ಪ್ರತಿ ಗುಂಡಿಗೂ ಹೀಗೆ ಹಿಡಿಯಬೇಕು. ಬೋಲ್ಟ್ ಬಡಿದು ಮುಂದಕ್ಕೆ ಮುಚ್ಚುವ ಅದುರಿಗೂ ಜಾರಬಾರದು. ಕೈಯಲ್ಲಿ ನಿಧಾನ ಎಳೆದಾಗ ಈ ರಭಸವೂ ಇಲ್ಲ, ಅದುರೂ ಇಲ್ಲ. ನಾನು ಉಜ್ಜಿದ ಅಂಚು ಮೇಜಿನ ಮೇಲೆ ಹ್ಯಾಮರನ್ನು ಹಿಡಿಯಿತು, ರೇಂಜಿನಲ್ಲಿ ನಾಲ್ಕನೆಯ ಗುಂಡಿಗೆ ಕೈಬಿಟ್ಟಿತು.

ರೇಂಜ್ ಆಫೀಸರ್ ತಕ್ಷಣ ಎಲ್ಲರನ್ನೂ ನಿಲ್ಲಿಸಿದರು. ಮ್ಯಾಗಜಿನ್ ತೆಗೆಸಿದರು, ಗುಂಡು ಕೂರುವ ಚೇಂಬರ್ ಖಾಲಿ ಮಾಡಿಸಿದರು, ಬೋಲ್ಟ್ ತೆರೆಸಿ ಖಾಲಿ ಎಂದು ತೋರಿಸುವ ಹಳದಿ ಫ್ಲ್ಯಾಗ್ ಸಿಕ್ಕಿಸಿದರು. ಬೈಯಲಿಲ್ಲ. ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ನೋಡುವವರೆಗೆ ಇದು ಪೆಟ್ಟಿಗೆಯಿಂದ ಹೊರಗೆ ಬರಬಾರದು ಎಂದರು. ಕಾನೂನಿನ ಮಾತನ್ನೂ ಹೇಳಿದರು: ಒಂದು ಸಲ ಟ್ರಿಗರ್ ಒತ್ತಿದರೆ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವುದಕ್ಕೆ ಫೆಡರಲ್ ಕಾನೂನು ಮಷಿನ್ ಗನ್ ಎನ್ನುತ್ತದೆ. ಹೀಗಾಗುತ್ತಿದೆ ಎಂದು ಗೊತ್ತಿದ್ದೂ ಅದರಲ್ಲೇ ಹೊಡೆಯುತ್ತ ಹೋದರೆ ತಪ್ಪಿ ಆಗಿದ್ದು ಎಂಬ ಮಾತಿಗೆ ಬೆಲೆಯಿರುವುದಿಲ್ಲ.

ಗನ್‌ಸ್ಮಿತ್ ವಯಸ್ಸಾದವರು. ಟ್ರಿಗರ್ ಭಾಗಕ್ಕೆ ಕೈ ಹಾಕುವ ಮುಂಚೆ ಅವರು ಸ್ಟಾಕ್, ಅಂದರೆ ರೈಫಲ್ಲಿನ ಮರದ ಭಾಗದ, ಕೆಳಗಿನ ಒಂದೇ ಒಂದು ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟರು. ಎರಡು ಬೆರಳಲ್ಲಿ ತಿರುಗಿಸಿದರು. ಮುಕ್ಕಾಲು ಸುತ್ತು ತಿರುಗಿತು, ಎಲ್ಲೂ ಬಿಗಿಯಿಲ್ಲ. 10/22ರ ರಿಸೀವರನ್ನು, ಅಂದರೆ ಲೋಹದ ಒಡಲನ್ನು, ಸ್ಟಾಕಿಗೆ ಹಿಡಿದಿಡುವುದು ಆ ಒಂದು ಸ್ಕ್ರೂ. ಅದು ಸಡಿಲವಾದರೆ ಪ್ರತಿ ಗುಂಡಿಗೂ ಲೋಹ ಮರದೊಳಗೆ ಕೂದಲೆಳೆಯಷ್ಟು ಸರಿದು ಕೂರುತ್ತದೆ. ನನ್ನ ಮೂರು ಇಂಚಿನ ಗ್ರೂಪಿಗೆ ಬಹುಪಾಲು ಕಾರಣ ಅಲ್ಲಿತ್ತು, ಟ್ರಿಗರಿನಲ್ಲಲ್ಲ.

ಆಮೇಲೆ ಕಿವಿಗೆ ಹಾಕುವಂಥ ಹತ್ತಿಯ ಕಡ್ಡಿ ತೆಗೆದುಕೊಂಡು ಬ್ಯಾರೆಲ್ಲಿನ ಬಾಯಂಚಿಗೆ ಒಳಗಿನಿಂದ ಹೊರಕ್ಕೆ ಸವರಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅದೇ ಜಾಗದಲ್ಲಿ ಮೂರು ಸಲವೂ ಸಿಕ್ಕಿಕೊಂಡಿತು. ಗುಂಡು ಬ್ಯಾರೆಲ್ ಬಿಡುವಾಗ ಕೊನೆಯದಾಗಿ ಮುಟ್ಟುವುದು ಆ ಅಂಚನ್ನು. ಅಲ್ಲಿ ಗೀರಿದ್ದರೆ ಹಿಂದಿನ ಅನಿಲ ಒಂದು ಪಕ್ಕಕ್ಕೆ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಈ ರೈಫಲ್ಲಿನ ಹಿಂಭಾಗ ಮುಚ್ಚಿರುವುದರಿಂದ ಸ್ವಚ್ಛ ಮಾಡುವ ಸರಳನ್ನು ಮುಂದಿನಿಂದಲೇ ತೂರಿಸಬೇಕು. ನಾನು ಜೋಡಿಸುವ ಉಕ್ಕಿನ ಸರಳನ್ನು ವಾರವಾರವೂ ತೂರಿಸಿ ಉಜ್ಜುತ್ತಿದ್ದೆ. .22ರ ಮೆತ್ತನೆ ಸೀಸದ ಗುಂಡಿಗೆ ಅಷ್ಟು ತಿಕ್ಕಾಟ ಬೇಕಿರಲಿಲ್ಲ. ಬಳುಕುವುದರಿಂದ ಪಕ್ಕದ ಕಿಂಡಿಯಿಂದ ತೂರಿಸಿ ಹಿಂದಿನಿಂದ ಮುಂದಕ್ಕೆ ಎಳೆಯಬಹುದಾದ ಹಗ್ಗದಂಥ ಬೋರ್ ಸ್ನೇಕ್ ಅಪರೂಪಕ್ಕೊಮ್ಮೆ ಎಳೆದರೆ ಸಾಕಿತ್ತು.

ಈಗ ರೈಫಲ್ ಸರಿಯಾಗಿದೆ. ಸ್ಕ್ರೂವನ್ನು ಬಿಗಿತ ಅಳೆಯುವ ಟಾರ್ಕ್ ಡ್ರೈವರಿನಲ್ಲಿ ಪ್ರತಿ ಸಲ ಒಂದೇ ಅಳತೆಗೆ ಬಿಗಿಯುತ್ತೇನೆ. ಸ್ಕೋಪ್ ಹಿಡಿದ ಸ್ಕ್ರೂಗಳನ್ನೂ ನೋಡುತ್ತೇನೆ. ಬ್ಯಾರೆಲ್ ಬಾಯಂಚನ್ನು ಗನ್‌ಸ್ಮಿತ್ ಹೊಸದಾಗಿ ಕಡೆದುಕೊಟ್ಟರು. ಟ್ರಿಗರಿಗೆ ಕಾರ್ಖಾನೆಯಲ್ಲೇ ಹಗುರವಾಗಿ ಮಾಡಿದ ಪೂರ್ತಿ ಘಟಕ ಹಾಕಿದರು. ಎರಡು ಪಿನ್ ತೆಗೆದು ಇಡೀ ಘಟಕ ಬದಲಿಸುವ ಕೆಲಸ, ಎಲ್ಲೂ ಲೋಹ ಸವೆಸುವಂತಿಲ್ಲ.

ಗುಂಡಿನ ವಿಷಯದಲ್ಲೂ ನಾನು ತಪ್ಪಿದ್ದೆ. ಅಗ್ಗದ ಹೈ ವೆಲಾಸಿಟಿ ಡಬ್ಬಿ ಕೊಳ್ಳುತ್ತಿದ್ದೆ. ಅವು ಶಬ್ದದ ವೇಗ ಮೀರಿ ಹೊರಟು, 100 ಗಜ ಮುಟ್ಟುವ ಮುಂಚೆ ಆ ವೇಗಕ್ಕಿಂತ ಕೆಳಗಿಳಿಯುತ್ತವೆ, ಇಳಿಯುವಾಗ ತೂರಾಡುತ್ತವೆ. ಸೆಕೆಂಡಿಗೆ 1,070 ಅಡಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು ಶುರುವಿನಿಂದಲೇ ಅದರ ಕೆಳಗಿರುತ್ತದೆ. ಮೂರ್ನಾಲ್ಕು ಬಗೆ ತಂದು, ಬಗೆ ಬದಲಿಸಿದಾಗ ಮೊದಲ ಹದಿನೈದಿಪ್ಪತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಐದೈದು ಗುಂಡಿನ ನಾಲ್ಕು ಗ್ರೂಪ್ ಹೊಡೆದು ಹೋಲಿಸಿ. ಮೂರು ಗುಂಡಿನ ಒಂದು ಚೆಂದದ ಗ್ರೂಪ್ ನಂಬಿ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು, ಮುಖ್ಯವಾದದ್ದು. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಗೆಳೆಯ ಕರೆದ ಎಂದು ರೇಂಜಿಗೆ ಹೊರಡುವ ಮುಂಚೆ ವಕೀಲರನ್ನು ಕೇಳಿ.

ನಾನು ಉಜ್ಜಿದ ಸಿಯರನ್ನು ಭೂತಗನ್ನಡಿಯ ಕೆಳಗಿಟ್ಟು ಗನ್‌ಸ್ಮಿತ್ ತೋರಿಸಿದರು. ಚೂಪಾಗಿರಬೇಕಿದ್ದ ಅಂಚು ಸೋಪಿನ ತುಂಡಿನಂತೆ ಉರುಟಾಗಿತ್ತು. ವಾಪಸ್ ಕೊಡಿ ಎಂದೆ. ಕೊಡಲಿಲ್ಲ. ನನ್ನೆದುರೇ ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಒಂದೇಟು ಹೊಡೆದರು, ಎರಡು ತುಂಡನ್ನೂ ಕಸದ ಡಬ್ಬಿಗೆ ಹಾಕಿದರು.