ಜಾಕ್ಸನ್: ಹೆಸರು ಬರೆದಿಡಿ, ವಿಳಾಸ ಬೇಡ

ಜಾವಾದಲ್ಲಿ ಜೇಸನ್ (ಡೇಟಾವನ್ನು ಕೀ, ಅದರ ಬೆಲೆ ಅಂತ ಜೋಡಿಯಾಗಿ ಬರೆದಿಡುವ ಪಠ್ಯ ರೂಪ) ಕೆಲಸ ಬಂದರೆ ಆರು ವರ್ಷದಿಂದ ನನ್ನ ಕೈಗೆ ಬರುವುದು ಜಾಕ್ಸನ್ ಲೈಬ್ರರಿಯೇ. ಜಾವಾ ಆಬ್ಜೆಕ್ಟನ್ನು ಜೇಸನ್ ಮಾಡುವುದು, ಜೇಸನ್‌ನಿಂದ ವಾಪಸ್ ಆಬ್ಜೆಕ್ಟ್ ಮಾಡುವುದು ಅದರ ಕೆಲಸ. ಸಾದಾ ಆಬ್ಜೆಕ್ಟ್ ಆದರೆ ಹೇಳೋಕೆ ಏನೂ ಇಲ್ಲ, ತನ್ನ ಪಾಡಿಗೆ ಕೆಲಸ ಮಾಡುತ್ತದೆ. ತಲೆನೋವು ಶುರುವಾಗುವುದು 'ಪೇಮೆಂಟ್' ಅಂತ ಒಂದು ಇಂಟರ್ಫೇಸ್ (ಹಲವು ಕ್ಲಾಸ್, ಅಂದರೆ ಆಬ್ಜೆಕ್ಟಿನ ಅಚ್ಚು, ಪಾಲಿಸುವ ಒಂದೇ ಒಪ್ಪಂದ), ಅದರ ಕೆಳಗೆ ಯುಪಿಐ, ಕಾರ್ಡ್, ಕ್ಯಾಶ್ ಅಂತ ಮೂರು ಕ್ಲಾಸ್ ಇದ್ದಾಗ. ಬರೆಯುವಾಗ ಸಲೀಸು. ವಾಪಸ್ ಓದುವಾಗ ಇದು ಮೂರರಲ್ಲಿ ಯಾವುದು ಅಂತ ಗೊತ್ತಾಗಬೇಕಲ್ವಾ?

ಅದಕ್ಕೇ ಇರುವುದು ಜೇಸನ್‌ಟೈಪ್‌ಇನ್ಫೊ ಅನೋಟೇಶನ್, ಅಂದರೆ ಕೋಡಿಗೆ ಅಂಟಿಸುವ ಒಂದು ಚೀಟಿ. ಗುರುತಿಗೆ ಏನು ಬರೆಯಬೇಕು ಅನ್ನುವುದನ್ನು ಅದರ 'ಐಡಿ' ಆಯ್ಕೆ ಹೇಳುತ್ತದೆ. ಮೊದಲು ಸೋಮಾರಿತನಕ್ಕೆ ಐಡಿ.ಕ್ಲಾಸ್ ಹಾಕಿದ್ದೆ. ಆಗ ಜೇಸನ್ ಒಳಗೆ '@ಕ್ಲಾಸ್' ಅಂತ ಒಂದು ಕೀ ಸೇರಿ, ಅದರಲ್ಲಿ ಪ್ಯಾಕೇಜ್ (ಕ್ಲಾಸ್‌ಗಳನ್ನು ಇಡುವ ಫೋಲ್ಡರ್ ಇದ್ದ ಹಾಗೆ) ಸಮೇತ ಕ್ಲಾಸಿನ ಪೂರ್ತಿ ಹೆಸರು ಕೂರುತ್ತದೆ. ಒಂದು ಶುಕ್ರವಾರ ಸಂಜೆ ಆ ಕ್ಲಾಸ್‌ಗಳನ್ನು 'ಮಾಡೆಲ್' ಪ್ಯಾಕೇಜ್‌ನಿಂದ 'ಡೊಮೇನ್'ಗೆ ಸಾಗಿಸಿದೆ. ಡೇಟಾಬೇಸ್‌ನಲ್ಲಿದ್ದ ಹಳೇ ಪೇಮೆಂಟ್ ಒಂದೂ ತೆರೆಯಲಿಲ್ಲ. ತಪ್ಪು ನನ್ನದೇ. ಹೆಸರು ಕೇಳಿದರೆ ಬಾಡಿಗೆ ಮನೆ ವಿಳಾಸ ಬರೆದುಕೊಟ್ಟ ಹಾಗಾಗಿತ್ತು. ಈಗ ಐಡಿ.ನೇಮ್. ಜೇಸನ್‌ಸಬ್‌ಟೈಪ್ಸ್‌ನಲ್ಲಿ 'ಯುಪಿಐ', 'ಕಾರ್ಡ್' ಅಂತ ನಾವೇ ಚಿಕ್ಕ ಹೆಸರು ಇಡುತ್ತೇವೆ. ಕ್ಲಾಸ್ ಯಾವ ಪ್ಯಾಕೇಜ್‌ಗಾದರೂ ಹೋಗಲಿ.

ಕ್ಲಾಸ್ ಹೆಸರಿಗೆ ಇನ್ನೊಂದು ಅಪಾಯವೂ ಇದೆ. ಹೊರಗಿನವರು ಕಳಿಸಿದ ಜೇಸನ್ ನಂಬಿದರೆ, ಯಾವ ಕ್ಲಾಸ್ ತೆರೆಯಬೇಕು ಅಂತ ಅವರೇ ತೀರ್ಮಾನಿಸಿದ ಹಾಗೆ. ಅದಕ್ಕೇ ಅನೋಟೇಶನ್ ಇಲ್ಲದೆಯೇ ಟೈಪ್ ಅಂಟಿಸುತ್ತಿದ್ದ ಎನೇಬಲ್‌ಡಿಫಾಲ್ಟ್‌ಟೈಪಿಂಗ್ ಅನ್ನು ಜಾಕ್ಸನ್ 2.10 ಆವೃತ್ತಿಯಲ್ಲಿ ಬದಿಗಿಟ್ಟರು. ಅದರ ಜಾಗಕ್ಕೆ ಬಂದದ್ದು ವ್ಯಾಲಿಡೇಟರ್ (ಯಾವ ಕ್ಲಾಸ್ ತೆರೆಯಬಹುದು ಅಂತ ನೋಡುವ ಕಾವಲುಗಾರ) ಕೊಡದೆ ಕೆಲಸ ಮಾಡುವುದಿಲ್ಲ. ಒಳ್ಳೇದೇ ಆಯ್ತು.

2.12ರಲ್ಲಿ ಬಂದ ಐಡಿ.ಡಿಡಕ್ಷನ್ ಜೇಸನ್‌ನಲ್ಲಿರುವ ಫೀಲ್ಡ್ (ಕೀಗಳು) ನೋಡಿಯೇ ಕ್ಲಾಸ್ ಗುರುತಿಸುತ್ತದೆ. ಜಾಣತನವೇನೋ ಹೌದು, ಆದರೆ ಎರಡು ಕ್ಲಾಸ್‌ಗೆ ಅವವೇ ಫೀಲ್ಡ್ ಇದ್ದರೆ ಕೈ ಎತ್ತಿಬಿಡುತ್ತದೆ. ನಾನು ಬಳಸಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಲಿಸ್ಟ್‌ಗೆ. ಒಂದೇ ಪೇಮೆಂಟ್ ಬರೆದರೆ ಆ ಚಿಕ್ಕ ಹೆಸರಿರುವ 'ಟೈಪ್' ಕೀ ಬರುತ್ತದೆ. ಅದನ್ನೇ ಲಿಸ್ಟಿಗೆ ಹಾಕಿ ನೇರವಾಗಿ ಜೇಸನ್ ಬರೆದುಕೊಡುವ ರೈಟ್‌ವ್ಯಾಲ್ಯೂಆಸ್‌ಸ್ಟ್ರಿಂಗ್‌ಗೆ ಕೊಡಿ, ಕೀ ಮಾಯ! ಎರಡು ಗಂಟೆ ಅನೋಟೇಶನ್ ತಿದ್ದಿದ್ದೇ ತಿದ್ದಿದ್ದು. ಅಸಲಿಗೆ ಇದು ಜಾವಾ ಬುದ್ಧಿ. ಪ್ರೋಗ್ರಾಂ ಓಡುವಾಗ ಜೆನೆರಿಕ್ ಟೈಪ್ (ಲಿಸ್ಟಿನೊಳಗೆ ಏನಿದೆ ಅನ್ನುವ ಗುರುತು) ಅಳಿಸಿಹೋಗಿರುತ್ತದೆ, ಅದು ಪೇಮೆಂಟ್‌ಗಳ ಲಿಸ್ಟ್ ಅಂತ ಜಾಕ್ಸನ್‌ಗೆ ತಿಳಿಯುವುದೇ ಇಲ್ಲ. ರೈಟರ್‌ಫಾರ್‌ಗೆ ಒಂದು ಟೈಪ್‌ರೆಫರೆನ್ಸ್ ಕೊಟ್ಟೆ, ಅಂದರೆ ಇದು ಪೇಮೆಂಟ್‌ಗಳ ಲಿಸ್ಟ್ ಅಂತ ನಾನೇ ಹೇಳಿದೆ. ಒಂದೇ ಸಾಲು, ಕೀ ವಾಪಸ್ ಬಂತು. ಎರರ್ ಬೇಡ, ಒಂದು ಎಚ್ಚರಿಕೆಯಾದರೂ ಲಾಗ್‌ನಲ್ಲಿ ಬಂದಿದ್ದರೆ ಅವತ್ತು ಊಟಕ್ಕೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆ.